ಕ್ಲೆಮೆನ್ಸ್ ಫಾನ್ ಪಿರ್ಕೆ

ಕ್ಲೆಮೆನ್ಸ್ ಫಾನ್ ಪಿರ್ಕೆ (ಮೇ ೧೨, ೧೮೭೪ – ಫೆಬ್ರವರಿ ೨೮, ೧೯೨೯) ಆಸ್ಟ್ರಿಯಾ ದೇಶದ ಪ್ರಸಿದ್ಧ ಮಕ್ಕಳ ವೈದ್ಯರು ಹಾಗೂ ರೋಗನಿರೋಧಕ ಶಾಸ್ತ್ರದ ಸಂಶೋಧಕರು. ಇಂದು ಜಗತ್ತಿನ ಬಹುಪಾಲು ಭಾಷೆಗಳಲ್ಲಿ ಬಳಕೆಯಲ್ಲಿರುವ 'ಅಲರ್ಜಿ' ಮತ್ತು 'ಅಲರ್ಜೆನ್' ಎಂಬ ಪದಗಳನ್ನು ರೂಪಿಸಿದವರು ಇವರು. ಮಕ್ಕಳಲ್ಲಿ ಕ್ಷಯರೋಗದ ಸೋಂಕನ್ನು ಕಂಡುಹಿಡಿಯುವ ಚರ್ಮ ಪರೀಕ್ಷೆಯನ್ನು ೧೯೦೭ರಲ್ಲಿ ಬಳಕೆಗೆ ತಂದರು. ಮೊದಲನೆಯ ಮಹಾಯುದ್ಧದ ನಂತರ ಹಸಿವಿನಿಂದ ಬಳಲುತ್ತಿದ್ದ ಆಸ್ಟ್ರಿಯಾದ ಮಕ್ಕಳಿಗೆ ಆಹಾರ ನೀಡುವ ಬೃಹತ್ ಕಾರ್ಯದ ಹೊಣೆಯನ್ನು ಹೊತ್ತರು. ಅಸ್ತಮಾ, ಹೂಧೂಳಿಯಿಂದ ಬರುವ ನೆಗಡಿ, ಆಹಾರ ಒಗ್ಗದಿರುವಿಕೆ ಮೊದಲಾದ ತೊಂದರೆಗಳ ಆಧುನಿಕ ಅಧ್ಯಯನಕ್ಕೆ, ಅದರಲ್ಲಿಯೂ ನಗರವಾಸಿ ಮಕ್ಕಳ ಅಸ್ತಮಾ ಕುರಿತ ಸಂಶೋಧನೆಗೆ, ಇವರ ಚಿಂತನೆಯೇ ತಳಹದಿಯಾಗಿದೆ.

ಜನನ ಮತ್ತು ಮನೆತನ

ಪಿರ್ಕೆಯವರು ವಿಯೆನ್ನಾ ನಗರದ ಸಮೀಪದ ಹಿರ್ಷ್‌ಸ್ಟೆಟನ್ ಎಂಬಲ್ಲಿ ಜನಿಸಿದರು. ಆಗ ಪ್ರತ್ಯೇಕ ಗ್ರಾಮವಾಗಿದ್ದ ಈ ಸ್ಥಳ ಈಗ ವಿಯೆನ್ನಾ ನಗರದೊಳಗೆ ಸೇರಿಹೋಗಿದೆ. ತಂದೆ ಪೀಟರ್ ಫಾನ್ ಪಿರ್ಕೆ ಜಮೀನುದಾರರು. ಸಾರ್ವಜನಿಕ ಜೀವನದಲ್ಲಿಯೂ ತೊಡಗಿಸಿಕೊಂಡಿದ್ದರು. ತಾಯಿ ಫ್ಲೋರಾ ವಿಯೆನ್ನಾದ ಹೆಸರಾಂತ ಬ್ಯಾಂಕಿಂಗ್ ಮನೆತನಕ್ಕೆ ಸೇರಿದವರು. ಕುಟುಂಬಕ್ಕೆ 'ಫ್ರೈಹೆರ್' ಎಂಬ ಬಿರುದಿತ್ತು. ಇದು ಇಂಗ್ಲೆಂಡಿನ 'ಬ್ಯಾರನ್' ಬಿರುದಿಗೆ ಸಮಾನವಾದುದು. ಕ್ಲೆಮೆನ್ಸ್ ಅವರ ತಮ್ಮ ಗ್ವಿಡೋ ಫಾನ್ ಪಿರ್ಕೆ ಕೂಡ ಖ್ಯಾತರೇ. ಅವರು ರಾಕೆಟ್ ಮತ್ತು ಬಾಹ್ಯಾಕಾಶ ಯಾನದ ಲೆಕ್ಕಾಚಾರಗಳಲ್ಲಿ ಆದ್ಯರೆಂದು ಹೆಸರಾಗಿದ್ದಾರೆ.

ವಿದ್ಯಾಭ್ಯಾಸ

ಕ್ಲೆಮೆನ್ಸ್ ಮೊದಲು ಪಾದ್ರಿಯಾಗುವ ಉದ್ದೇಶ ಹೊಂದಿದ್ದರು. ಆ ಕಾರಣ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನೂ ಬೆಲ್ಜಿಯಂ ದೇಶದ ಲೂವೇನ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಅಭ್ಯಾಸ ಮಾಡಿದರು. ಬಳಿಕ ಮನಸ್ಸು ಬದಲಾಯಿಸಿ ವೈದ್ಯಕೀಯದತ್ತ ಹೊರಳಿದರು. ವಿಯೆನ್ನಾ, ಕೋನಿಗ್ಸ್‌ಬರ್ಗ್ ಮತ್ತು ಗ್ರಾಟ್ಸ್ ನಗರಗಳಲ್ಲಿ ವ್ಯಾಸಂಗ ನಡೆಸಿ ೧೯೦೦ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು.

ಗ್ರಾಟ್ಸ್‌ನಲ್ಲಿ ಆಗ ಮಕ್ಕಳ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಥಿಯೋಡೋರ್ ಎಶೆರಿಕ್. ಮನುಷ್ಯನ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾವೊಂದನ್ನು ಗುರುತಿಸಿದ ಇವರ ಹೆಸರನ್ನೇ ಆ ಬ್ಯಾಕ್ಟೀರಿಯಾಕ್ಕೆ (ಎಶೆರಿಕಿಯಾ ಕೋಲಿ) ಇಡಲಾಗಿದೆ. ಪಿರ್ಕೆಯವರು ಬರ್ಲಿನ್‌ನಲ್ಲಿ ಸ್ವಲ್ಪ ಕಾಲ ಮಕ್ಕಳ ಚಿಕಿತ್ಸೆಯಲ್ಲಿ ತರಬೇತಿ ಪಡೆದು, ನಂತರ ವಿಯೆನ್ನಾದ ಸೇಂಟ್ ಆನಾ ಮಕ್ಕಳ ಆಸ್ಪತ್ರೆಯನ್ನು ಸೇರಿದರು. ೧೯೦೨ರಲ್ಲಿ ಎಶೆರಿಕ್ ಅವರೂ ವಿಯೆನ್ನಾಕ್ಕೆ ಬಂದರು. ಅವರ ಮಾರ್ಗದರ್ಶನದಲ್ಲಿ ಪಿರ್ಕೆಯವರ ಸಂಶೋಧನಾ ಜೀವನ ಆರಂಭವಾಯಿತು. ೧೯೦೪ರಲ್ಲಿ ಮರಿಯಾ ಫಾನ್ ಹ್ಯೂಸೆನ್ ಎಂಬುವರನ್ನು ವಿವಾಹವಾದರು. ಈ ಮದುವೆಗೆ ಪಿರ್ಕೆ ಕುಟುಂಬದವರ ಸಮ್ಮತಿ ಇರಲಿಲ್ಲ. ದಂಪತಿಗಳಿಗೆ ಮಕ್ಕಳಾಗಲಿಲ್ಲ.

ಸೀರಮ್ ಕಾಯಿಲೆಯ ಅಧ್ಯಯನ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಂಟಲಮಾರಿ (ಡಿಫ್ತೀರಿಯಾ) ಯುರೋಪಿನ ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ತೆಗೆದುಕೊಳ್ಳುತ್ತಿತ್ತು. ೧೮೯೦ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಜಪಾನಿನ ಕಿಟಾಸಾಟೊ ಇವರ ಸಂಶೋಧನೆಯಿಂದ ಪ್ರತಿವಿಷ ಚಿಕಿತ್ಸೆಯ ದಾರಿ ತೆರೆಯಿತು. ರೋಗದ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಸೀರಮ್ ರೂಪದಲ್ಲಿ ಬೇರ್ಪಡಿಸಿ ರೋಗಿಗೆ ಕೊಡುವುದು ಈ ಚಿಕಿತ್ಸೆಯ ಕ್ರಮ. ಇದರಿಂದ ಅಸಂಖ್ಯಾತ ಮಕ್ಕಳ ಪ್ರಾಣ ಉಳಿಯಿತು.

ಆದರೆ ಚಿಕಿತ್ಸೆ ಪಡೆದ ಕೆಲವು ಮಕ್ಕಳಲ್ಲಿ ಹೊಸದೊಂದು ತೊಂದರೆ ಕಾಣಿಸಿಕೊಂಡಿತು. ಸೀರಮ್ ಚುಚ್ಚಿದ ಎಂಟರಿಂದ ಹನ್ನೆರಡು ದಿನಗಳ ನಂತರ ಜ್ವರ, ಮೈಮೇಲೆ ದದ್ದು, ಕೀಲುನೋವು, ಗ್ರಂಥಿಗಳ ಬಾವು, ಮುಖ ಊದಿಕೊಳ್ಳುವಿಕೆ ಮೊದಲಾದ ಲಕ್ಷಣಗಳು ಬರುತ್ತಿದ್ದವು. ಪ್ರಾಣ ಉಳಿಸಿದ ಔಷಧವೇ ಕಾಯಿಲೆ ತರುವುದು ಹೇಗೆ ಎಂಬುದು ವೈದ್ಯರಿಗೆ ಒಗಟಾಗಿತ್ತು. ಕುದುರೆಯ ರಕ್ತದಲ್ಲಿರುವ ಯಾವುದೋ ವಿಷಪದಾರ್ಥವೇ ಕಾರಣವೆಂದು ಹಲವರು ಊಹಿಸಿದ್ದರು.

ಪಿರ್ಕೆಯವರು ಹಂಗೆರಿ ಮೂಲದ ತಮ್ಮ ಸಹೋದ್ಯೋಗಿ ಬೇಲಾ ಶಿಕ್ ಅವರೊಡನೆ ಈ ಮಕ್ಕಳನ್ನು ದಿನದಿನವೂ ಗಮನಿಸಿ ದಾಖಲೆ ಇಟ್ಟರು. ಹಿಂದೊಮ್ಮೆ ಸೀರಮ್ ಪಡೆದಿದ್ದ ಮಗುವಿಗೆ ಎರಡನೆಯ ಬಾರಿ ಅದನ್ನು ಕೊಟ್ಟಾಗ ತೊಂದರೆ ವಾರ ಕಳೆದು ಬರುತ್ತಿರಲಿಲ್ಲ; ಅದೇ ದಿನ ಅಥವಾ ಕೆಲವೇ ದಿನಗಳಲ್ಲಿ ಬರುತ್ತಿತ್ತು. ಸೀರಮ್ ತಾನೇ ವಿಷವಾಗಿದ್ದರೆ ಎರಡು ಸಲವೂ ಒಂದೇ ಅವಧಿ ಹಿಡಿಯಬೇಕಿತ್ತು. ಅವಧಿ ಕಡಿಮೆಯಾಯಿತೆಂದರೆ ಬದಲಾದದ್ದು ಸೀರಮ್ ಅಲ್ಲ, ಮಗುವಿನ ಶರೀರ. ಮೊದಲ ಸಲ ಹೊರಗಿನ ವಸ್ತುವಿನ ಪರಿಚಯವಾದಾಗ ಶರೀರವು ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಅದಕ್ಕೆ ದಿನಗಳು ಬೇಕು. ಆ ಪ್ರತಿಕಾಯಗಳು ಹೊರಗಿನ ವಸ್ತುವನ್ನು ಸಂಧಿಸಿದಾಗಲೇ ಕಾಯಿಲೆ ಹುಟ್ಟುತ್ತದೆ. ಎರಡನೆಯ ಸಲಕ್ಕೆ ಶರೀರ ಮೊದಲೇ ಸಿದ್ಧವಾಗಿರುವುದರಿಂದ ಪ್ರತಿಕ್ರಿಯೆ ಬೇಗ ಬರುತ್ತದೆ. ಇದು ಅವರು ತಲುಪಿದ ತೀರ್ಮಾನ.

ಈ ವಿಚಾರದ ಮೊದಲ ರೂಪವನ್ನು ಪಿರ್ಕೆಯವರು ೧೯೦೩ರಲ್ಲಿ ಮುಚ್ಚಿದ ಲಕೋಟೆಯಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ್ದರು. ಹೊಸ ವಿಚಾರ ಮೊದಲು ಯಾರಿಗೆ ಹೊಳೆಯಿತು ಎಂಬುದನ್ನು ದಾಖಲಿಸಲು ಆ ಕಾಲದಲ್ಲಿ ಇಂಥ ಪದ್ಧತಿಯಿತ್ತು. ಲಕೋಟೆಯನ್ನು ೧೯೦೮ರಲ್ಲಿ ತೆರೆಯಲಾಯಿತು. ಅಷ್ಟರಲ್ಲಿ, ೧೯೦೫ರಲ್ಲಿ, ಪಿರ್ಕೆ ಮತ್ತು ಶಿಕ್ ಇಬ್ಬರೂ ಸೇರಿ ಸೀರಮ್ ಕಾಯಿಲೆಯನ್ನು ಕುರಿತ ತಮ್ಮ ಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ್ದರು.

'ಅಲರ್ಜಿ' ಪದದ ಹುಟ್ಟು

ಸಿಡುಬಿನ ಲಸಿಕೆ ಹಾಕಿಸಿಕೊಂಡವರಲ್ಲಿಯೂ ಪಿರ್ಕೆಯವರು ಇದೇ ನಿಯಮವನ್ನು ಕಂಡರು. ಮೊದಲ ಬಾರಿ ಲಸಿಕೆ ಹಾಕಿದಾಗ ಚರ್ಮದ ಮೇಲಿನ ಗುಳ್ಳೆ ನಿಧಾನವಾಗಿ ಬೆಳೆದು ಪಕ್ವವಾಗಲು ಹತ್ತು ದಿನಗಳಷ್ಟು ಹಿಡಿಯುತ್ತಿತ್ತು. ಮತ್ತೊಮ್ಮೆ ಹಾಕಿದಾಗ ಒಂದೇ ದಿನದಲ್ಲಿ ಅಲ್ಲಿ ಕೆಂಪು ಉಬ್ಬು ಕಾಣಿಸುತ್ತಿತ್ತು. ಇಲ್ಲಿ ಬೇಗ ಬಂದ ಪ್ರತಿಕ್ರಿಯೆ ರಕ್ಷಣೆಯ ಗುರುತು. ಸೀರಮ್ ಪಡೆದ ಮಗುವಿನಲ್ಲಿ ಬೇಗ ಬಂದ ಪ್ರತಿಕ್ರಿಯೆ ತೊಂದರೆಯ ಗುರುತು. ರಕ್ಷಣೆ ಮತ್ತು ತೊಂದರೆ ಎರಡೂ ಒಂದೇ ಮೂಲದಿಂದ ಹೊರಡುತ್ತವೆ ಎಂಬ ಅರಿವು ಆ ಕಾಲಕ್ಕೆ ಹೊಸದು.

ಆಗ ರೂಢಿಯಲ್ಲಿದ್ದ 'ಇಮ್ಯುನಿಟಿ' ಎಂಬ ಪದ ರಕ್ಷಣೆಯನ್ನು ಮಾತ್ರ ಸೂಚಿಸುತ್ತಿತ್ತು. ಫ್ರಾನ್ಸಿನ ಚಾರ್ಲ್ಸ್ ರಿಶೇ ಮತ್ತು ಪಾಲ್ ಪೋರ್ಟಿಯೆ ೧೯೦೨ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ 'ಅನಾಫಿಲ್ಯಾಕ್ಸಿಸ್' ಎಂಬ ಪದ ಬಂದಿತ್ತು. ಅದು ರಕ್ಷಣೆಯ ವಿರುದ್ಧ ಸ್ಥಿತಿಯನ್ನು ಮಾತ್ರ ಸೂಚಿಸುತ್ತಿತ್ತು. ಎರಡನ್ನೂ ಒಳಗೊಳ್ಳುವ, ಯಾವ ಪಕ್ಷವನ್ನೂ ವಹಿಸದ ಪದವೊಂದು ಬೇಕೆಂದು ಪಿರ್ಕೆಯವರಿಗೆ ತೋರಿತು. ೧೯೦೬ರ ಜುಲೈ ತಿಂಗಳಲ್ಲಿ ಮ್ಯೂನಿಕ್ ನಗರದ ವೈದ್ಯಕೀಯ ವಾರಪತ್ರಿಕೆಯಲ್ಲಿ ಬರೆದ ಕಿರುಲೇಖನದಲ್ಲಿ ಅವರು 'ಅಲರ್ಜಿ' ಎಂಬ ಪದವನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ 'ಆಲೋಸ್' ಎಂದರೆ ಬೇರೆ, 'ಎರ್ಗಾನ್' ಎಂದರೆ ಕ್ರಿಯೆ. ಹೊರಗಿನ ವಸ್ತುವೊಂದರ ಸಂಪರ್ಕದ ನಂತರ ಶರೀರ ಅದಕ್ಕೆ ಪ್ರತಿಕ್ರಿಯಿಸುವ ರೀತಿಯೇ ಬೇರೆಯಾಗುತ್ತದೆ ಎಂಬುದು ಪದದ ಆಶಯ. ಇಂಥ ಬದಲಾವಣೆಯನ್ನು ಉಂಟುಮಾಡುವ ವಸ್ತುವಿಗೆ 'ಅಲರ್ಜೆನ್' ಎಂಬ ಹೆಸರಿಟ್ಟರು. ಸೊಳ್ಳೆ ಮತ್ತು ಜೇನುನೊಣಗಳ ವಿಷ, ನೆಗಡಿ ತರುವ ಹೂಧೂಳಿ, ಕೆಲವರಿಗೆ ಮೈ ತುರಿಕೆ ಬರಿಸುವ ಸ್ಟ್ರಾಬೆರಿ ಹಣ್ಣು ಮತ್ತು ಏಡಿ ಇವೆಲ್ಲವನ್ನೂ ಅವರು ಈ ಗುಂಪಿಗೆ ಸೇರಿಸಿದರು.

ಹೊಸ ಪದವನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಇರುವ ಪದಗಳೇ ಸಾಕೆಂಬ ವಾದವಿತ್ತು. ರಿಶೇ ಅವರಿಗೆ ೧೯೧೩ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಪಿರ್ಕೆಯವರ ಹೆಸರು ಹಲವು ಬಾರಿ ಸೂಚಿತವಾದರೂ ಆ ಪ್ರಶಸ್ತಿ ದೊರೆಯಲಿಲ್ಲ. ಆದರೆ ಕಾಲಕ್ರಮದಲ್ಲಿ ಜನರ ಬಾಯಲ್ಲಿ ನಿಂತದ್ದು ಪಿರ್ಕೆಯವರ ಪದವೇ. ಅರ್ಥ ಮಾತ್ರ ಕಿರಿದಾಯಿತು. ಅವರ ಬಳಕೆಯಲ್ಲಿ ರಕ್ಷಣೆ ಮತ್ತು ತೊಂದರೆ ಎರಡನ್ನೂ ಒಳಗೊಂಡಿದ್ದ 'ಅಲರ್ಜಿ' ಇಂದು ತೊಂದರೆಯನ್ನಷ್ಟೇ ಹೇಳುತ್ತದೆ. ಕರಾವಳಿ ಕರ್ನಾಟಕದಲ್ಲಿ ಬದನೆಕಾಯಿ, ಕೆಲವು ಜಾತಿಯ ಮೀನು ಮುಂತಾದವನ್ನು 'ನಂಜು' ಎಂದು ಕರೆದು ಹುಣ್ಣು, ಕಜ್ಜಿ ಇರುವವರು ತಿನ್ನಬಾರದೆನ್ನುವ ರೂಢಿಯಿದೆ. ನಂಜು ಪದಾರ್ಥಕ್ಕೆ ಸೇರಿದ ಗುಣವೆಂದು ಭಾವಿಸಲಾಗುತ್ತದೆ; ಪಿರ್ಕೆಯವರ ವಿಚಾರದಲ್ಲಿ ಅಲರ್ಜಿ ಪದಾರ್ಥದ ಗುಣವಲ್ಲ, ಅದನ್ನು ಸಂಧಿಸಿದ ಶರೀರದ ಗುಣ. ಆದ್ದರಿಂದಲೇ ಒಂದೇ ಪಂಕ್ತಿಯಲ್ಲಿ ಉಂಡ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ತೊಂದರೆಯಾಗುವುದು ಸಾಧ್ಯ.

ಕ್ಷಯರೋಗದ ಚರ್ಮ ಪರೀಕ್ಷೆ

ರಾಬರ್ಟ್ ಕಾಖ್ ಅವರು ೧೮೯೦ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾದಿಂದ 'ಟ್ಯುಬರ್ಕ್ಯುಲಿನ್' ಎಂಬ ದ್ರವವನ್ನು ತಯಾರಿಸಿ ಅದನ್ನು ಔಷಧವೆಂದು ಪ್ರಕಟಿಸಿದ್ದರು. ಔಷಧವಾಗಿ ಅದು ಸೋತಿತು. ಆದರೆ ಕ್ಷಯದ ಸೋಂಕು ತಗಲಿದವರಲ್ಲಿ ಮಾತ್ರ ಅದು ತೀವ್ರ ಪ್ರತಿಕ್ರಿಯೆ ಉಂಟುಮಾಡುತ್ತಿತ್ತು. ಸೋಂಕಿನಿಂದ ಶರೀರದ ಪ್ರತಿಕ್ರಿಯೆ ಬದಲಾಗಿರುವುದಕ್ಕೆ ಇದು ಸಾಕ್ಷಿಯೆಂದು ಪಿರ್ಕೆಯವರು ತಿಳಿದರು. ಅಂದರೆ ಇದೂ ಒಂದು ಅಲರ್ಜಿಯೇ.

೧೯೦೭ರಲ್ಲಿ ಅವರು ಸರಳವಾದ ಪರೀಕ್ಷಾ ವಿಧಾನವನ್ನು ಪ್ರಕಟಿಸಿದರು. ಮಗುವಿನ ಮುಂಗೈ ಮೇಲೆ ಅಂತರ ಬಿಟ್ಟು ಎರಡು ತೊಟ್ಟು ಟ್ಯುಬರ್ಕ್ಯುಲಿನ್ ಇಡುವುದು. ಚಿಕ್ಕದೊಂದು ಉಪಕರಣದಿಂದ ಆ ಎರಡು ಕಡೆ ಮತ್ತು ಅವುಗಳ ನಡುವಿನ ಖಾಲಿ ಚರ್ಮವನ್ನು ರಕ್ತ ಬಾರದಷ್ಟು ಹಗುರವಾಗಿ ಗೀರುವುದು. ಒಂದೆರಡು ದಿನಗಳಲ್ಲಿ ದ್ರವ ಇಟ್ಟ ಕಡೆ ಕೆಂಪಾಗಿ ಉಬ್ಬಿ, ನಡುವಿನ ಗೀರು ಹಾಗೆಯೇ ಉಳಿದರೆ ಸೋಂಕು ತಗಲಿದೆಯೆಂದು ಅರ್ಥ. ನಡುವಿನ ಗೀರು ಹೋಲಿಕೆಗಾಗಿ. ಗೀರಿದ್ದರಿಂದಲೇ ಕೆಂಪಾಯಿತೇ ಅಥವಾ ದ್ರವದಿಂದಲೇ ಎಂಬ ಸಂಶಯ ಅದರಿಂದ ನಿವಾರಣೆಯಾಗುತ್ತಿತ್ತು. ಅದೇ ಕಾಲದಲ್ಲಿ ಕಣ್ಣಿಗೆ ದ್ರವ ಹಾಕಿ ನೋಡುವ ವಿಧಾನವೂ ಬಂದಿತ್ತು. ಆದರೆ ಅದರಿಂದ ಕಣ್ಣಿಗೆ ಅಪಾಯವಿತ್ತು. ಪಿರ್ಕೆ ಪರೀಕ್ಷೆ ನಿರಪಾಯಕಾರಿಯಾಗಿದ್ದುದರಿಂದ ಬೇಗ ಎಲ್ಲೆಡೆ ಹರಡಿತು.

ವಿಯೆನ್ನಾದ ಮಕ್ಕಳಲ್ಲಿ ಈ ಪರೀಕ್ಷೆ ತೋರಿಸಿದ ಚಿತ್ರ ಗಂಭೀರವಾಗಿತ್ತು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಸೋಂಕು ವಿರಳ. ವಯಸ್ಸು ಏರಿದಂತೆ ಅದರ ಪ್ರಮಾಣ ಏರುತ್ತಾ ಹೋಗಿ, ಹದಿಹರೆಯದ ಹೊತ್ತಿಗೆ ಬಡ ಬಡಾವಣೆಗಳ ಹೆಚ್ಚಿನ ಮಕ್ಕಳಿಗೆ ಸೋಂಕು ತಗಲಿರುತ್ತಿತ್ತು. ಇಕ್ಕಟ್ಟಾದ, ಗಾಳಿ ಬೆಳಕು ಸಾಲದ ಮನೆಗಳಲ್ಲಿ ಹಲವರು ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ನಗರದ ಸ್ಥಿತಿ ಮಕ್ಕಳ ಮುಂಗೈ ಮೇಲೆ ಬರೆದಿಟ್ಟಂತೆ ಕಾಣಿಸಿತು. ಹಸುಗೂಸಿನಲ್ಲಿ ಪರೀಕ್ಷೆ ಧನಾತ್ಮಕವಾದರೆ ಅಪಾಯ ಹೆಚ್ಚೆಂದೂ, ದೊಡ್ಡ ಮಕ್ಕಳಲ್ಲಿ ಸೋಂಕಿದ್ದರೂ ರೋಗವಿಲ್ಲದೆ ಇರುವವರು ಬಹಳವೆಂದೂ ತಿಳಿದುಬಂದಿತು. ಸುಪ್ತ ಕ್ಷಯ ಎಂಬ ಕಲ್ಪನೆ ನೆಲೆಗೊಳ್ಳಲು ಈ ಅಧ್ಯಯನ ಕಾರಣವಾಯಿತು.

ಫ್ರಾನ್ಸಿನ ಚಾರ್ಲ್ಸ್ ಮಾಂಟೂ ೧೯೦೮ರಲ್ಲಿ ಟ್ಯುಬರ್ಕ್ಯುಲಿನ್ ದ್ರವವನ್ನು ಚರ್ಮದ ಪದರದೊಳಗೆ ಚುಚ್ಚುವ ವಿಧಾನವನ್ನು ವಿವರಿಸಿದರು. ಅಳತೆ ಹೆಚ್ಚು ನಿಖರವಾದುದರಿಂದ ಕ್ರಮೇಣ ಅದು ಪಿರ್ಕೆ ಪರೀಕ್ಷೆಯ ಸ್ಥಾನವನ್ನು ಪಡೆಯಿತು. ಭಾರತದ ಆಸ್ಪತ್ರೆಗಳಲ್ಲಿ ಇಂದಿಗೂ ಮಾಡುವ ಮಾಂಟೂ ಪರೀಕ್ಷೆಯ ಹಿಂದಿನ ತತ್ತ್ವ ಪಿರ್ಕೆಯವರದೇ. ಬಿಸಿಜಿ ಲಸಿಕೆ ಪಡೆದ ಮಕ್ಕಳಲ್ಲಿ ಸೋಂಕಿಲ್ಲದೆಯೂ ಚರ್ಮ ಉಬ್ಬಬಹುದಾದ್ದರಿಂದ ಫಲಿತಾಂಶವನ್ನು ಎಚ್ಚರದಿಂದ ಅರ್ಥೈಸಬೇಕಾಗುತ್ತದೆ.

ಬಾಲ್ಟಿಮೋರ್, ಬ್ರೆಸ್ಲೌ ಮತ್ತು ವಿಯೆನ್ನಾ

ಪಿರ್ಕೆಯವರ ಕೀರ್ತಿ ಅಮೆರಿಕವನ್ನು ತಲುಪಿತು. ೧೯೦೯ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ೧೯೧೦ರಲ್ಲಿ ಯುರೋಪಿಗೆ ಮರಳಿ ಬ್ರೆಸ್ಲೌ (ಇಂದಿನ ಪೋಲೆಂಡ್ ದೇಶದ ವ್ರೋಟ್ಸ್ವಾಫ್) ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ೧೯೧೧ರ ಆರಂಭದಲ್ಲಿ ಎಶೆರಿಕ್ ನಿಧನರಾದಾಗ ಅವರ ಸ್ಥಾನಕ್ಕೆ ಪಿರ್ಕೆಯವರನ್ನು ಕರೆಸಲಾಯಿತು. ಹೊಸದಾಗಿ ಕಟ್ಟಿದ ವಿಯೆನ್ನಾ ವಿಶ್ವವಿದ್ಯಾಲಯದ ಮಕ್ಕಳ ಚಿಕಿತ್ಸಾಲಯದ ಮುಖ್ಯಸ್ಥರಾಗಿ ಅವರು ಜೀವಮಾನದ ಉಳಿದ ಕಾಲವನ್ನು ಅಲ್ಲಿಯೇ ಕಳೆದರು.

ಅವರ ಆಡಳಿತದಲ್ಲಿ ಈ ಚಿಕಿತ್ಸಾಲಯ ಯುರೋಪಿನ ಮುಖ್ಯ ಕೇಂದ್ರಗಳಲ್ಲಿ ಒಂದಾಯಿತು. ಕ್ಷಯ ತಗಲಿದ ಮಕ್ಕಳಿಗಾಗಿ ಮಾಳಿಗೆಯ ಮೇಲೆ ತೆರೆದ ಗಾಳಿಯ ವಾರ್ಡ್ ಇತ್ತು. ನಡವಳಿಕೆಯಲ್ಲಿ ಭಿನ್ನರಾದ ಮಕ್ಕಳಿಗೆ ಶಿಕ್ಷಣದ ಮೂಲಕ ಚಿಕಿತ್ಸೆ ನೀಡುವ ವಿಭಾಗವೊಂದನ್ನು ಎರ್ವಿನ್ ಲಾಜಾರ್ ಎಂಬ ವೈದ್ಯರು ಅಲ್ಲಿ ೧೯೧೧ರಲ್ಲಿ ಆರಂಭಿಸಿದರು. ಮುಂದೆ ಹಾನ್ಸ್ ಆಸ್ಪರ್ಗರ್ ಕೆಲಸ ಮಾಡಿದ್ದು ಇದೇ ವಿಭಾಗದಲ್ಲಿ. ಬೇಲಾ ಶಿಕ್ ಅವರೂ ಇದೇ ಸಂಸ್ಥೆಯಲ್ಲಿದ್ದು ೧೯೧೩ರಲ್ಲಿ ಗಂಟಲಮಾರಿಗೆ ಈಡಾಗಬಲ್ಲವರನ್ನು ಗುರುತಿಸುವ ಶಿಕ್ ಪರೀಕ್ಷೆಯನ್ನು ರೂಪಿಸಿದರು.

ಹಸಿದ ಮಕ್ಕಳಿಗೆ ಆಹಾರ

೧೯೧೪ರಿಂದ ೧೯೧೮ರವರೆಗೆ ನಡೆದ ಮಹಾಯುದ್ಧ ಆಸ್ಟ್ರಿಯಾವನ್ನು ಹಸಿವಿಗೆ ನೂಕಿತು. ಸಾಮ್ರಾಜ್ಯ ಒಡೆದು, ಧಾನ್ಯ ಬೆಳೆಯುವ ಪ್ರದೇಶಗಳು ಬೇರೆ ದೇಶಗಳ ಪಾಲಾದವು. ವಿಯೆನ್ನಾದಂಥ ದೊಡ್ಡ ನಗರಕ್ಕೆ ಹಾಲು, ಹಿಟ್ಟು, ಕಲ್ಲಿದ್ದಲು ಯಾವುದೂ ಸಾಲದಾಯಿತು. ಮಕ್ಕಳಲ್ಲಿ ಕ್ಷಯ ಮತ್ತು ರಿಕೆಟ್ಸ್ ಹೆಚ್ಚಿದವು.

ಪಿರ್ಕೆಯವರು ಯುದ್ಧಕಾಲದಲ್ಲಿಯೇ ಪೋಷಣೆಯ ಲೆಕ್ಕಾಚಾರಕ್ಕೆ ಹೊಸ ಪದ್ಧತಿಯೊಂದನ್ನು ರೂಪಿಸಿದ್ದರು. ಒಂದು ಗ್ರಾಂ ಹಾಲಿನ ಪೋಷಣಾ ಮೌಲ್ಯವನ್ನು ಮೂಲಮಾನವಾಗಿಟ್ಟು ಅದನ್ನು 'ನೆಮ್' ಎಂದು ಕರೆದರು. ಸಾಮಾನ್ಯ ಅಡುಗೆಯವರಿಗೂ ದಾದಿಯರಿಗೂ ಕ್ಯಾಲೊರಿಗಿಂತ ಹಾಲಿನ ಅಳತೆ ಸುಲಭವಾಗಿ ತಿಳಿಯುತ್ತದೆ ಎಂಬುದು ಅವರ ಅಭಿಪ್ರಾಯ. ಮಗುವಿನ ತೂಕ ಮತ್ತು ಕುಳಿತಾಗಿನ ಎತ್ತರ ಇವೆರಡರಿಂದ 'ಪೆಲಿಡಿಸಿ' ಎಂಬ ಸೂಚ್ಯಂಕವನ್ನು ಲೆಕ್ಕ ಹಾಕಿ, ಯಾವ ಮಗು ಎಷ್ಟು ಸೊರಗಿದೆ ಎಂದು ನಿರ್ಧರಿಸುವ ಕ್ರಮವನ್ನೂ ತಂದರು.

ಯುದ್ಧದ ನಂತರ ಹರ್ಬರ್ಟ್ ಹೂವರ್ ಅವರ ನೇತೃತ್ವದ ಅಮೆರಿಕನ್ ಪರಿಹಾರ ಸಂಸ್ಥೆ ಆಸ್ಟ್ರಿಯಾದ ಮಕ್ಕಳಿಗೆ ಆಹಾರ ಒದಗಿಸಲು ಮುಂದಾಯಿತು. ಅದನ್ನು ಹಂಚುವ ಕೆಲಸದ ಮುಖ್ಯಸ್ಥರಾದವರು ಪಿರ್ಕೆ. ಆಹಾರ ಮಿತವಾಗಿದ್ದುದರಿಂದ ಎಲ್ಲರಿಗೂ ಕೊಡುವುದು ಸಾಧ್ಯವಿರಲಿಲ್ಲ. ಪ್ರಭಾವ, ಅಂತಸ್ತು, ಪಕ್ಷ ಯಾವುದನ್ನೂ ಪರಿಗಣಿಸದೆ ಶಾಲೆಗಳಲ್ಲಿ ಮಕ್ಕಳನ್ನು ತೂಗಿ ಅಳೆದು, ಹೆಚ್ಚು ಸೊರಗಿದವರಿಗೆ ಮೊದಲು ಎಂಬ ನಿಯಮವನ್ನು ಜಾರಿಗೊಳಿಸಿದರು. ಲಕ್ಷಾಂತರ ಮಕ್ಕಳಿಗೆ ಹೀಗೆ ದಿನಕ್ಕೊಂದು ಊಟ ದೊರೆಯಿತು. ನೆಮ್ ಪದ್ಧತಿ ವೈದ್ಯಲೋಕದಲ್ಲಿ ಬಹುಕಾಲ ಉಳಿಯಲಿಲ್ಲ. ಪೌಷ್ಟಿಕತೆಯನ್ನು ಹಾಲಿನ ಶಕ್ತಿಮೌಲ್ಯವೊಂದರಿಂದಲೇ ಅಳೆಯುವುದು ಸಾಲದು. ಜೀವಸತ್ವಗಳ ಪಾತ್ರ ಬೇರೆಯೇ ಇದೆ ಎಂಬುದು ಆಗಲೇ ಸ್ಪಷ್ಟವಾಗತೊಡಗಿತ್ತು. ಆದರೆ ಅಗತ್ಯವನ್ನು ಅಳೆದು ಹಂಚುವ ಅವರ ಕ್ರಮ ಮುಂದಿನ ಪರಿಹಾರ ಕಾರ್ಯಗಳಿಗೆ ಮಾದರಿಯಾಯಿತು. ಯುದ್ಧಕಾಲದಲ್ಲಿ ಆಸ್ಟ್ರಿಯಾದ ಜನಾರೋಗ್ಯ ಹೇಗಿತ್ತೆಂಬುದನ್ನು ದಾಖಲಿಸುವ ಗ್ರಂಥವನ್ನೂ ಅವರು ಸಂಪಾದಿಸಿದರು. ಅದು ೧೯೨೬ರಲ್ಲಿ ಪ್ರಕಟವಾಯಿತು.

ಕೊನೆಯ ವರ್ಷಗಳು ಮತ್ತು ಮರಣ

ಸಾರ್ವಜನಿಕ ಗೌರವ ಎಷ್ಟಿತ್ತೆಂದರೆ ೧೯೨೮ರಲ್ಲಿ ಆಸ್ಟ್ರಿಯಾ ಗಣರಾಜ್ಯದ ಅಧ್ಯಕ್ಷ ಪದವಿಗೆ ಪಿರ್ಕೆಯವರ ಹೆಸರೂ ಕೇಳಿಬಂದಿತು. ಆ ವರ್ಷದ ಡಿಸೆಂಬರ್‌ನಲ್ಲಿ ವಿಲ್ಹೆಲ್ಮ್ ಮಿಕ್ಲಾಸ್ ಅಧ್ಯಕ್ಷರಾಗಿ ಆಯ್ಕೆಯಾದರು. ಕೊನೆಯ ವರ್ಷಗಳಲ್ಲಿ ಪಿರ್ಕೆಯವರು ವಯಸ್ಸಿಗೂ ರೋಗಗಳಿಗೂ ಇರುವ ಸಂಬಂಧವನ್ನು ಅಂಕಿಅಂಶಗಳ ಮೂಲಕ ಅಧ್ಯಯನ ಮಾಡುತ್ತಿದ್ದರು. ಪತ್ನಿಯ ಆರೋಗ್ಯ ಬಹುಕಾಲದಿಂದ ಕೆಟ್ಟಿತ್ತು. ೧೯೨೯ರ ಫೆಬ್ರವರಿ ೨೮ರಂದು ವಿಯೆನ್ನಾದಲ್ಲಿ ದಂಪತಿಗಳಿಬ್ಬರೂ ಆತ್ಮಹತ್ಯೆ ಮಾಡಿಕೊಂಡರು. ಆಗ ಪಿರ್ಕೆಯವರಿಗೆ ೫೪ ವರ್ಷ.

ನಂತರದ ಸಂಶೋಧನೆ: ಅಲರ್ಜಿಯಿಂದ ಅಸ್ತಮಾದವರೆಗೆ

ಶರೀರದ ಬದಲಾದ ಪ್ರತಿಕ್ರಿಯೆಯನ್ನು ಚರ್ಮದ ಮೇಲೆ ಓದಬಹುದೆಂಬ ಪಿರ್ಕೆಯವರ ವಿಚಾರ ಬೇರೆ ಕ್ಷೇತ್ರಗಳಿಗೂ ಹರಡಿತು. ಅವರಿಗಿಂತ ಮೊದಲೇ ಇಂಗ್ಲೆಂಡಿನ ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಬೇಸಗೆಯ ನೆಗಡಿಗೆ ಹುಲ್ಲಿನ ಹೂಧೂಳಿ ಕಾರಣವೆಂದು ೧೮೭೩ರಲ್ಲಿ ಪ್ರಕಟಿಸಿದ್ದರು. ೧೯೧೧ರಲ್ಲಿ ಲಂಡನ್ನಿನ ಲೆನರ್ಡ್ ನೂನ್ ಹೂಧೂಳಿಯ ಸಾರವನ್ನು ಅಲ್ಪಪ್ರಮಾಣದಲ್ಲಿ ಚುಚ್ಚಿ ಚಿಕಿತ್ಸೆ ನೀಡುವ ಯತ್ನ ಮಾಡಿದರು. ೧೯೧೨ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್ ಮೊಟ್ಟೆ ಮೊದಲಾದ ಆಹಾರ ಒಗ್ಗದ ಮಗುವೊಂದನ್ನು ಚರ್ಮ ಪರೀಕ್ಷೆಯಿಂದ ಗುರುತಿಸಿದರು. ೧೯೬೦ರ ದಶಕದಲ್ಲಿ ನೆದರ್ಲೆಂಡಿನ ಲೈಡನ್ ನಗರದ ಸಂಶೋಧಕರು, ಮನೆಯ ಧೂಳಿನಲ್ಲಿರುವ ಅತಿ ಸೂಕ್ಷ್ಮ ಧೂಳುಹುಳವೇ ಧೂಳಿನ ಅಲರ್ಜಿಗೆ ಮುಖ್ಯ ಕಾರಣವೆಂದು ತೋರಿಸಿದರು. ಅದೇ ದಶಕದಲ್ಲಿ ಅಮೆರಿಕದಲ್ಲಿದ್ದ ಇಷಿಜಾಕಾ ದಂಪತಿಗಳು ಹಾಗೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಇವರ ಪ್ರತ್ಯೇಕ ಸಂಶೋಧನೆಗಳಿಂದ 'ಐಜಿಇ' ಎಂಬ ಪ್ರತಿಕಾಯ ಪತ್ತೆಯಾಯಿತು. ಅಲರ್ಜಿ ಇರುವವರಲ್ಲಿ ಹೂಧೂಳಿ, ಧೂಳುಹುಳ ಮುಂತಾದವುಗಳ ವಿರುದ್ಧ ಈ ಪ್ರತಿಕಾಯ ಹುಟ್ಟಿ ಮಾಸ್ಟ್ ಕೋಶಗಳ ಮೇಲೆ ನೆಲೆಸಿರುತ್ತದೆ. ಮತ್ತೆ ಅದೇ ವಸ್ತು ಬಂದಾಗ ಕೋಶಗಳಿಂದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಬೀಳುತ್ತವೆ. ಅಲರ್ಜಿ ಇರುವ ಅಸ್ತಮಾ (ಉಬ್ಬಸ, ಗೂರಲು) ರೋಗಿಗಳಲ್ಲಿ ಇದರಿಂದ ಶ್ವಾಸನಾಳಗಳು ಬಿಗಿದು, ಒಳಪದರ ಊದಿ, ಕಫ ತುಂಬಿ ಉಸಿರಾಟ ಕಷ್ಟವಾಗುತ್ತದೆ. ಪಿರ್ಕೆಯವರು ಊಹಿಸಿದ್ದ ಪ್ರತಿಕಾಯದ ಪಾತ್ರಕ್ಕೆ ಹೀಗೆ ಪ್ರತ್ಯಕ್ಷ ಆಧಾರ ದೊರೆಯಿತು.

ಆದರೆ ಟ್ಯುಬರ್ಕ್ಯುಲಿನ್ ಪರೀಕ್ಷೆಗೂ ಇಂದಿನ ಅಲರ್ಜಿ ಪರೀಕ್ಷೆಗೂ ವ್ಯತ್ಯಾಸವಿದೆ. ಧೂಳುಹುಳ, ಹೂಧೂಳಿಗಳ ಚರ್ಮ ಪರೀಕ್ಷೆ ಹದಿನೈದಿಪ್ಪತ್ತು ನಿಮಿಷಗಳಲ್ಲಿ ಫಲ ತೋರಿಸುತ್ತದೆ. ಅದು ಐಜಿಇಯ ಕೆಲಸ. ಟ್ಯುಬರ್ಕ್ಯುಲಿನ್ ಪರೀಕ್ಷೆಗೆ ಒಂದೆರಡು ದಿನ ಬೇಕು; ಅದು 'ಟಿ' ಜೀವಕೋಶಗಳ ಕೆಲಸ. ಪಿರ್ಕೆಯವರ ಕಾಲದಲ್ಲಿ ಈ ಭೇದ ತಿಳಿದಿರಲಿಲ್ಲ.

ನಗರದ ಮಕ್ಕಳು ಮತ್ತು ಅಸ್ತಮಾ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ದೇಶಗಳ ನಗರಗಳಲ್ಲಿ ಕ್ಷಯ ಕಡಿಮೆಯಾಯಿತು, ಮಕ್ಕಳ ಅಸ್ತಮಾ ಹೆಚ್ಚಾಯಿತು. ಅಮೆರಿಕದ ಎಂಟು ನಗರಪ್ರದೇಶಗಳ ಬಡ ಬಡಾವಣೆಗಳಲ್ಲಿ ನಡೆದು ೧೯೯೭ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ನಾಲ್ಕರಿಂದ ಒಂಬತ್ತು ವರ್ಷದ ೪೭೬ ಅಸ್ತಮಾಪೀಡಿತ ಮಕ್ಕಳಲ್ಲಿ ಶೇ. ೩೬.೮ ಮಕ್ಕಳಿಗೆ ಜಿರಲೆಯ ಅಲರ್ಜಿ ಇತ್ತು. ಅರ್ಧದಷ್ಟು ಮಲಗುವ ಕೋಣೆಗಳ ಧೂಳಿನಲ್ಲಿ ಜಿರಲೆಯ ಅಲರ್ಜೆನ್ ಅಧಿಕವಾಗಿತ್ತು. ಅಲರ್ಜಿಯೂ ಇದ್ದು, ಮಲಗುವ ಕೋಣೆಯಲ್ಲಿ ಅಲರ್ಜೆನ್ ಕೂಡ ಅಧಿಕವಾಗಿದ್ದ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಪ್ರಮಾಣ ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಹಳೆಯ ಕಟ್ಟಡಗಳ ದುಃಸ್ಥಿತಿ ಮಕ್ಕಳ ಶ್ವಾಸಕೋಶವನ್ನು ತಟ್ಟುವುದನ್ನು ಈ ಅಧ್ಯಯನ ಅಂಕಿಗಳಲ್ಲಿ ತೋರಿಸಿತು. ವಿಯೆನ್ನಾದಲ್ಲಿ ಪಿರ್ಕೆ ಪರೀಕ್ಷೆ ಕ್ಷಯದ ವಿಷಯದಲ್ಲಿ ತೋರಿಸಿದ್ದೂ ಇಂಥದ್ದೇ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ವಿಷಯದ ಹೆಸರಾಂತ ಅಧ್ಯಯನ ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರದು. ಆಸ್ಪತ್ರೆಗೆ ಬಂದ ೧೮ ವರ್ಷದೊಳಗಿನ ೨೦,೦೦೦ ಮಕ್ಕಳನ್ನು ಆಧರಿಸಿದ ಈ ಅಧ್ಯಯನದಲ್ಲಿ ಅಸ್ತಮಾದ ಪ್ರಮಾಣ ೧೯೭೯ರಲ್ಲಿ ಶೇ. ೯ ಇದ್ದದ್ದು ೧೯೮೯ರಲ್ಲಿ ಶೇ. ೧೮.೫ಕ್ಕೂ ೧೯೯೯ರಲ್ಲಿ ಶೇ. ೨೯.೫ಕ್ಕೂ ಏರಿತ್ತು. ಇವು ಆಸ್ಪತ್ರೆಯ ಅಂಕಿಗಳಾದ್ದರಿಂದ ಇಡೀ ನಗರದ ಮಕ್ಕಳಿಗೆ ನೇರವಾಗಿ ಅನ್ವಯಿಸಲಾಗದು. ಆದ್ದರಿಂದ ೧೨ ಶಾಲೆಗಳ ೬ರಿಂದ ೧೫ ವರ್ಷದ ೬,೫೫೦ ಮಕ್ಕಳ ಸಮೀಕ್ಷೆಯನ್ನೂ ನಡೆಸಲಾಯಿತು. ವಾಹನ ಸಂಚಾರ ಕಡಿಮೆ ಇರುವ ಪ್ರದೇಶದ ಶಾಲೆಗಳಲ್ಲಿ ಶೇ. ೧೧.೧೫, ಸಂಚಾರ ದಟ್ಟವಾಗಿರುವ ಪ್ರದೇಶದಲ್ಲಿ ಶೇ. ೧೯.೩೪, ದಟ್ಟ ಸಂಚಾರದ ಜೊತೆಗೆ ಬಡತನವೂ ಇರುವಲ್ಲಿ ಶೇ. ೩೧.೧೪ ಮಕ್ಕಳಿಗೆ ಅಸ್ತಮಾ ಕಂಡುಬಂದಿತು. ಗ್ರಾಮೀಣ ಮಕ್ಕಳಲ್ಲಿ ಇದು ಶೇ. ೫.೭ ಮಾತ್ರ.

ಬಯಲುಸೀಮೆಯ ಊರುಗಳಲ್ಲಿ ಪಾಳುಭೂಮಿ ತುಂಬಿರುವ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಚರ್ಮ ಮತ್ತು ಮೂಗಿನ ಅಲರ್ಜಿಗೆ ಕಾರಣವಾಗುವ ಗಿಡವೆಂದು ಪರಿಚಿತ. ಕುಂದಾಪುರ, ಬಸ್ರೂರು ಮೊದಲಾದ ಕರಾವಳಿಯ ಊರುಗಳ ಪರಿಸರ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಗೋಡೆಗಳು ತೇವ ಹಿಡಿದು ಬೂಷ್ಟು ಬೆಳೆಯುತ್ತದೆ. ಹಾಸಿಗೆ ಬಟ್ಟೆಗಳು ಒಣಗುವುದಿಲ್ಲ. ಧೂಳುಹುಳ ಹೆಚ್ಚುವುದು ಇಂಥ ತೇವಾಂಶದಲ್ಲಿಯೇ. ಹೀಗೆ ಅಲರ್ಜೆನ್ ಊರಿಂದೂರಿಗೆ ಬದಲಾಗುವುದರಿಂದ ಮಗುವಿನ ಶರೀರ ಯಾವುದಕ್ಕೆ ಪ್ರತಿಕ್ರಿಯಿಸುತ್ತಿದೆ ಎಂಬುದನ್ನು ಆಯಾ ಪರಿಸರದಲ್ಲಿಯೇ ಪತ್ತೆಹಚ್ಚಬೇಕಾಗುತ್ತದೆ.

ಗೌರವಗಳು

ಆಸ್ಟ್ರಿಯಾ ಸರ್ಕಾರ ೨೦೧೦ರಲ್ಲಿ ತನ್ನ ಮಹಾನ್ ವೈದ್ಯರ ನಾಣ್ಯಮಾಲೆಯಲ್ಲಿ ಪಿರ್ಕೆಯವರ ಚಿತ್ರವಿರುವ ೫೦ ಯೂರೋ ಮೌಲ್ಯದ ಚಿನ್ನದ ನಾಣ್ಯವನ್ನು ಹೊರತಂದಿತು. ಸೀರಮ್ ಕಾಯಿಲೆ ಕುರಿತ ೧೯೦೫ರ ಗ್ರಂಥವನ್ನು ಬೇಲಾ ಶಿಕ್ ಅವರೇ ಇಂಗ್ಲಿಷಿಗೆ ತಂದರು. ಅದು ೧೯೫೧ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು.